ಬೇಸಿಗೆ ರಜೆ: ಎರಡೂವರೆ, ನಾಲ್ಕೂವರೆ ವರ್ಷದ ಮಕ್ಕಳಿಗೆ ಮನೆಯೊಳಗೆ ಏನಾಡಿಸುವುದು?

ಬಿಸಿಲೂರು:
ಬಳ್ಳಾರಿ ಬಿಸಿಲು, ಹತ್ತು ಗಂಟೆ ಮೇಲೆ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ಎರಡನೇ ಮಹಡಿ, ಅಂಗಳ ಇಲ್ಲ, ಚಿಕ್ಕ ಬಾಲ್ಕನಿ ಇದೆ. ಮಗಳಿಗೆ ನಾಲ್ಕೂವರೆ, ಜೂನ್‌ಗೆ ಯುಕೆಜಿ. ಮಗನಿಗೆ ಎರಡೂವರೆ. ಕಿಟ್ ಗಿಟ್ ಬೇಡ, ಮನೆಯ ಸಾಮಾನಿನಲ್ಲೇ ಆಗುವಂಥದ್ದು ಹೇಳಿ. ಮೈದಾ ಹಿಟ್ಟು ಕಲಸಿ ಕೊಟ್ಟರೆ ಅರ್ಧ ಗಂಟೆಗೆಲ್ಲ ಅಂಟಂಟಾಗಿ ಕೈ ಬಿಡುವುದಿಲ್ಲ. ಅದರ ಸರಿಯಾದ ಅಳತೆ ಏನು? ಮಗಳಿಗೆ ಎಣಿಕೆಗೂ ಒಂದು ಆಟ ಬೇಕು.

ಕಣಕ:
ಉಪ್ಪು ಜಾಸ್ತಿಯಾದರೆ, ಅಥವಾ ಕರಗದೆ ಹಾಗೇ ಉಳಿದರೆ, ಹಿಟ್ಟು ನೀರು ಬಿಟ್ಟುಕೊಂಡು ಅಂಟುತ್ತದೆ. ಅರ್ಧ ಲೋಟ ಬಿಸಿನೀರಿಗೆ ಕಾಲು ಲೋಟದ ಅರ್ಧದಷ್ಟು ಪುಡಿ ಉಪ್ಪು ಹಾಕಿ ಪೂರ್ತಿ ಕರಗಿಸಿ, ಉಗುರುಬೆಚ್ಚಗಾಗಲು ಬಿಡಿ. ಒಂದು ಲೋಟ ಮೈದಾಕ್ಕೆ ಒಂದು ಚಮಚ ಎಣ್ಣೆ ಹಾಕಿ, ಆ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತ ಐದು ನಿಮಿಷ ನಾದಿ. ಒಂದೇ ಸಲ ಸುರಿಯಬೇಡಿ, ಕೊನೆಯ ಎರಡು ಚಮಚ ಬೇಕಾಗದೆಯೂ ಇರಬಹುದು. ಚಪಾತಿ ಹಿಟ್ಟಿಗಿಂತ ತುಸು ಗಟ್ಟಿ ಇರಲಿ. ಬಣ್ಣ ಬೇಕಿದ್ದರೆ ಅರ್ಧ ನೀರಿನ ಬದಲು ಬೀಟ್‌ರೂಟ್ ರಸ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟರೆ ಒಂದು ವಾರ ಬರುತ್ತದೆ.

ಚಕ್ಕುಲಿ ಒರಳು ಕೊಡಿ. ಒತ್ತುವುದಕ್ಕೆ ಎರಡೂ ಕೈಯ ಬಲ ಬೇಕು, ಪೆನ್ಸಿಲ್ ಹಿಡಿಯುವ ಬೆರಳಿಗೆ ಇದಕ್ಕಿಂತ ಒಳ್ಳೆಯ ಕಸರತ್ತಿಲ್ಲ. ಉಪ್ಪು ಹಿತ್ತಾಳೆಗೆ ಕಲೆ ಕಟ್ಟುತ್ತದೆ, ಆಟ ಮುಗಿದ ಕೂಡಲೇ ತೊಳೆದುಬಿಡಿ. ಚಿಕ್ಕವನು ಹಿಟ್ಟು ಬಾಯಿಗೆ ಹಾಕದ ಹಾಗೆ ಪಕ್ಕದಲ್ಲೇ ಕೂತಿರಿ, ಅಷ್ಟು ಉಪ್ಪು ಮಗುವಿಗೆ ಒಳ್ಳೆಯದಲ್ಲ.

ಅರಿಶಿನಕೊಂಬು:
ಮಗಳಿಗೆ ಮಾಯಾ ಚಿತ್ರ ಮಾಡಿಸಿ. ಅರ್ಧ ಚಮಚ ಅರಿಶಿನವನ್ನು ಮೂರು ಚಮಚ ನೀರಿನಲ್ಲಿ ಕದಡಿ ಬಿಳಿ ಡ್ರಾಯಿಂಗ್ ಹಾಳೆಗೆ ತೆಳ್ಳಗೆ ಬಳಿಯಲಿ. ದಪ್ಪ ಬಳಿದರೆ ಒಣಗಿದ ಮೇಲೆ ಪುಡಿ ಉದುರುತ್ತದೆ. ನುಣುಪು ಹಾಳೆ ಬೇಡ, ಬಣ್ಣ ಹೀರುವುದಿಲ್ಲ. ಫ್ಯಾನಿನಡಿ ಒಣಗಲಿ. ಕಾಲು ಲೋಟ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿ, ಇಯರ್ ಬಡ್ ಅದ್ದಿ ಬರೆಯಲು ಹೇಳಿ. ಹಳದಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಅದರ ಮೇಲೆ ನಿಂಬೆರಸದ ಹನಿ ಬಿಟ್ಟರೆ ಸಣ್ಣಗೆ ನೊರೆ ಬಂದು ಮತ್ತೆ ಹಳದಿ. ಬೇಕಿಂಗ್ ಪೌಡರ್ ಹಾಕಿದರೆ ಬಣ್ಣ ಸರಿಯಾಗಿ ಬರುವುದಿಲ್ಲ, ಅದರಲ್ಲಿ ಹುಳಿಯೂ ಸೇರಿರುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದೂ ಇದೇ ಗುಣದಿಂದ, ಆದರೆ ಮಕ್ಕಳ ಕೈಗೆ ಸುಣ್ಣ ಕೊಡಲೇಬೇಡಿ, ಕಣ್ಣಿಗೆ ಹಾರಿದರೆ ಸುಡುತ್ತದೆ.

ಬಟ್ಟೆಗೆ ಅರಿಶಿನ ತಾಗಿದರೆ ಬೈಯುವ ಮೊದಲು ಅಲ್ಲಿಗೆ ಬಟ್ಟೆ ಸೋಪು ಹಚ್ಚಿ ತೋರಿಸಿ, ಕಲೆ ಕೆಂಪಾಗುತ್ತದೆ. ಅದೂ ಪಾಠವೇ. ಆಮೇಲೆ ಬಿಸಿಲಿಗೆ ಹಾಕಿ, ನಿಮ್ಮೂರ ಬಿಸಿಲಿಗೆ ಬೇಗ ಮಾಸುತ್ತದೆ.

ಬಿಸಿಲೂರು:
ಎಣಿಕೆಗೆ ಅಳಗುಳಿಮಣೆ ಆಗಬಹುದಾ? ಮನೆಯಲ್ಲಿ ಅಜ್ಜಿ ಕಾಲದ ಮಣೆ ಇದೆ, ಜೊತೆಗೆ ಒಂದು ಚೀಲ ಗುಲಗಂಜಿಯೂ ಇದೆ.

ಹುಣಸೆಬೀಜ:
ಗುಲಗಂಜಿ ಬೇಡ, ಇವತ್ತೇ ಎತ್ತಿಡಿ. ಕೆಂಪು ಮೈ, ಕಪ್ಪು ಚುಕ್ಕಿ, ಮಕ್ಕಳ ಕಣ್ಣು ಸೆಳೆಯುವ ಬೀಜ. ಆದರೆ ಒಳಗಿರುವ ಅಬ್ರಿನ್ ಕಡುವಿಷ. ಜಗಿದರೂ, ತೂತು ಕೊರೆದ ಬೀಜ ನುಂಗಿದರೂ ಅಪಾಯ. ಮಗು ಬಾಯಿಗೆ ಹಾಕಿಕೊಂಡಿತು ಅಂತ ಅನುಮಾನ ಬಂದರೆ ಕಾಯದೆ ಆಸ್ಪತ್ರೆಗೆ ಓಡಿ. ಆಟಕ್ಕೆ ಹುಣಸೆ ಬೀಜ ಸಾಕು, ಅದೂ ಚಿಕ್ಕವನು ಮಲಗಿದಾಗ ಮಾತ್ರ. ಮೂಗಿಗೆ ತುರುಕಿಕೊಳ್ಳುವ ವಯಸ್ಸು ಅವನದು.

ಹದಿನಾಲ್ಕು ಗುಳಿ ಅವಳಿಗೆ ಈಗಲೇ ಹೆಚ್ಚು. ಆರು ಬಟ್ಟಲು ವೃತ್ತದಲ್ಲಿಟ್ಟು ತಲಾ ಮೂರು ಬೀಜ ಹಾಕಿ. ಒಂದು ಬಟ್ಟಲು ಖಾಲಿ ಮಾಡಿ, ಮುಂದಿನದರಿಂದ ಒಂದೊಂದೇ ಬಿಡುತ್ತ ಹೋಗಬೇಕು. ಮಕ್ಕಳು ತಪ್ಪುವುದು ಎರಡು ಕಡೆ: ಎರಡು ಬೀಜ ಒಟ್ಟಿಗೆ ಬೀಳಿಸುತ್ತಾರೆ, ಇಲ್ಲವೇ ಎತ್ತಿದ ಬಟ್ಟಲಿಗೇ ಮೊದಲ ಬೀಜ ಹಾಕುತ್ತಾರೆ. ಬಾಯಿ ಓಡಿದಷ್ಟು ಬೇಗ ಕೈ ಓಡುವುದಿಲ್ಲ, ಅದಕ್ಕೇ ಬೀಜ ಟಣ್ ಅಂದ ಮೇಲೆ ಅಂಕಿ ಹೇಳಲಿ. ಸ್ಟೀಲ್ ಬಟ್ಟಲು ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಾಲ್ಕು ದಿನ ಬಿಟ್ಟು, ಬೀಜ ಎತ್ತುವ ಮೊದಲೇ "ಕೊನೇದು ಯಾವ ಬಟ್ಟಲಿಗೆ ಬೀಳುತ್ತೆ ಪುಟ್ಟಿ?" ಅಂತ ಕೇಳಿ. ನಿಜವಾದ ಎಣಿಕೆ ಶುರುವಾಗುವುದು ಆ ಪ್ರಶ್ನೆಯಿಂದ.

ಚಿಕ್ಕವನಿಗೆ ಡಬ್ಬಿ ಮತ್ತು ಮುಚ್ಚಳ ಜೋಡಿಸುವ ಕೆಲಸ ಕೊಡಿ. ಐದು ಸಾಕು.

ಬಾಲ್ಕನಿ ತೋಟ:
ಇಬ್ಬರಿಗೂ ಒಟ್ಟಿಗೆ ಬೇಕಿದ್ದರೆ ಮೆಂತ್ಯ. ಕೊತ್ತಂಬರಿ ಮೊಳೆಯಲು ಹತ್ತು ದಿನದ ಮಾತು, ಅಷ್ಟರಲ್ಲಿ ಮಕ್ಕಳು ಮರೆತಿರುತ್ತಾರೆ. ಮೆಂತ್ಯ ಮೂರು ನಾಲ್ಕು ದಿನಕ್ಕೆ ತಲೆ ಎತ್ತುತ್ತದೆ. ಕಣ್ಣಿರುವ ಕಡೆಯ ತೆಂಗಿನ ಚಿಪ್ಪು ತೆಗೆದುಕೊಂಡು ಮೆತ್ತನೆಯ ಕಣ್ಣನ್ನು ಮೊಳೆಯಿಂದ ತೂತು ಮಾಡಿ, ತಳಕ್ಕೆ ನಾರು, ಮೇಲೆ ಮಣ್ಣು. ರಾತ್ರಿ ನೆನೆಸಿದ ಕಾಳು ಹರಡಿ ತೆಳ್ಳಗೆ ಮಣ್ಣು ಮುಚ್ಚಿ. ಮಕ್ಕಳ ಕೈಗೆ ಚೊಂಬು ಕೊಟ್ಟರೆ ನೀರು ಹೆಚ್ಚಾಗಿ ಕಾಳು ಕೊಳೆಯುತ್ತದೆ, ಚಮಚ ಕೊಡಿ, ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು. ಮಧ್ಯಾಹ್ನ ಚಿಪ್ಪನ್ನು ಒಳಗಿಡಿ.

ಮೊಳಕೆ ಬಂದ ದಿನದಿಂದ ಅದರ ಎತ್ತರಕ್ಕೆ ಸರಿಯಾಗಿ ಒಂದು ಕಾಗದದ ಪಟ್ಟಿ ಕತ್ತರಿಸಿ ಕ್ಯಾಲೆಂಡರ್ ಪಕ್ಕ ಸಾಲಾಗಿ ಅಂಟಿಸುತ್ತ ಬನ್ನಿ. ಇಂದಿನ ಪಟ್ಟಿ ನಿನ್ನೆಯದಕ್ಕಿಂತ ಎಷ್ಟು ಉದ್ದ ಅನ್ನುವುದು ಅಂಕಿ ಬರದ ಚಿಕ್ಕವನಿಗೂ ಕಾಣುತ್ತದೆ.

ನೀರಾಟ ಆಡಿಸುವುದಾದರೆ ಬಕೆಟ್ ಬೇಡ, ಅಗಲದ ಬೋಗುಣಿಯಲ್ಲಿ ನಾಲ್ಕು ಬೆರಳು ನೀರು ಸಾಕು. ಫೋನ್ ಬಂತೆಂದು ಎದ್ದರೂ ಮೊದಲು ನೀರು ಚೆಲ್ಲಿ.