ಕೆರೆ ಸಮೀಕ್ಷೆಗೆ ಯಾವ ಆ್ಯಪ್? ನಕ್ಷೆ ಹಿಡಿದು ಊರೂರು ತಿರುಗಿದವರ ಅನುಭವಗಳು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೋಲಾರ ಜಿಲ್ಲೆಯ ಮಾಲೂರು ಮತ್ತು ಮುಳಬಾಗಿಲು ತಾಲ್ಲೂಕುಗಳಲ್ಲಿ ಸುಮಾರು ಅರವತ್ತು ಕೆರೆಗಳ ಸ್ಥಿತಿಗತಿಯನ್ನು ದಾಖಲಿಸಲು ಹೊರಟಿರುವ ಎಂಟು ಜನರ ತಂಡ ನಮ್ಮದು. ಪ್ರತಿ ಕೆರೆಯ ಏರಿ, ತೂಬು (ಗದ್ದೆಗೆ ನೀರು ಬಿಡುವ ಕಿಂಡಿ), ಕೋಡಿ (ಹೆಚ್ಚಾದ ನೀರು ಹೊರಹರಿಯುವ ಜಾಗ) ಮತ್ತು ಕಾಲುವೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಫೋಟೊ ತೆಗೆದು, ಕೆರೆಯ ನೀರು ಬಿಡುವ ಊರಿನ ನೀರುಗಂಟಿಯನ್ನೋ ಹಿರಿಯರನ್ನೋ ಮಾತನಾಡಿಸಿ ಇಪ್ಪತ್ತು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಬೇಕು. ಮುಂದಿನ ವರ್ಷ ಇದೇ ಕೆರೆಗಳಿಗೆ ಮತ್ತೊಮ್ಮೆ ಹೋಗಿ ಏನು ಬದಲಾಗಿದೆ ಎಂದು ನೋಡುವ ಯೋಚನೆಯಿದೆ. ಎಲ್ಲರ ಬಳಿ ಇರುವುದು ಸಾಧಾರಣ ಆಂಡ್ರಾಯ್ಡ್ ಫೋನ್, ಅನೇಕ ಕಡೆ ನೆಟ್‌ವರ್ಕ್ ಸಿಗುವುದಿಲ್ಲ, ಸಾಫ್ಟ್‌ವೇರ್‌ಗೆ ಕೊಡಲು ಹಣವಿಲ್ಲ. ತಂಡದಲ್ಲಿ ಒಬ್ಬರಿಗೆ ಮಾತ್ರ, ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಉಚಿತ ತಂತ್ರಾಂಶವಾದ ಕ್ಯೂಜಿಐಎಸ್ ಸ್ವಲ್ಪ ಗೊತ್ತು. ಓಡಿಕೆ, ಕೋಬೊ, ಕ್ಯೂಫೀಲ್ಡ್, ಮರ್ಜಿನ್ ಮ್ಯಾಪ್ಸ್ ಎಂಬ ಹೆಸರುಗಳನ್ನು ಕೇಳಿದ್ದೇವೆ; ಮೊದಲೆರಡು ಫೋನಿನಲ್ಲಿ ಪ್ರಶ್ನಾವಳಿ ತುಂಬುವ ಆ್ಯಪ್‌ಗಳು, ಉಳಿದೆರಡು ಕ್ಯೂಜಿಐಎಸ್ ನಕ್ಷೆಯನ್ನು ಫೋನಿಗೆ ತರುವವು ಎಂದಷ್ಟೇ ಗೊತ್ತು. ಬಳಸಿದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಆರೋಗ್ಯ ಸಮೀಕ್ಷೆಗಳಲ್ಲಿ ಕೆಲಸ ಮಾಡಿದವರ ಉತ್ತರ

ನಾನು ಬಳಸಿರುವುದು ಓಡಿಕೆ ಮತ್ತು ಕೋಬೊ ಎರಡನ್ನೇ. ಓಡಿಕೆ 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಕೋಬೊದ ಫೋನ್ ಆ್ಯಪ್ ಅದರಿಂದಲೇ ಕವಲೊಡೆದದ್ದು, ಆದ್ದರಿಂದ ಒಂದನ್ನು ಕಲಿತರೆ ಇನ್ನೊಂದು ಕಲಿತಂತೆಯೇ. ಎರಡರಲ್ಲೂ ಪ್ರಶ್ನಾವಳಿಯನ್ನು ಎಕ್ಸೆಲ್ ಹಾಳೆಯಲ್ಲಿ ಬರೆಯಬಹುದು. ಒಂದು ಸಾಲಿಗೆ ಒಂದು ಪ್ರಶ್ನೆ. ಪಕ್ಕದ ಕಾಲಂನಲ್ಲಿ ಅದು ಯಾವಾಗ ಕಾಣಿಸಬೇಕು, ಯಾವ ಉತ್ತರವನ್ನು ಒಪ್ಪಬಾರದು ಎಂಬ ಷರತ್ತು. "ತೂಬು ಇದೆಯೇ?" ಎಂಬುದಕ್ಕೆ ಇಲ್ಲ ಎಂದರೆ ತೂಬಿನ ಬಗೆಗಿನ ಉಳಿದ ಪ್ರಶ್ನೆಗಳು ಕಾಣಿಸುವುದೇ ಇಲ್ಲ. ಸ್ಮಾರ್ಟ್‌ಫೋನಿನಲ್ಲಿ ವಾಟ್ಸಾಪ್ ಬಿಟ್ಟು ಬೇರೇನೂ ಬಳಸದ ಆಶಾ ಕಾರ್ಯಕರ್ತೆಯರು ಕೂಡ ಒಂದು ಬೆಳಗಿನ ತರಬೇತಿಯಲ್ಲಿ ಇದನ್ನು ಕಲಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೆಟ್‌ವರ್ಕ್ ಇಲ್ಲದ ಕಡೆ ತುಂಬಿದ ಫಾರಂ ಫೋನಿನಲ್ಲೇ ಉಳಿದು, ಸಂಜೆ ಸಿಗ್ನಲ್ ಸಿಕ್ಕಾಗ ಸರ್ವರ್ ಸೇರುತ್ತದೆ.

ಜಿಪಿಎಸ್ ವಿಷಯದಲ್ಲಿ ಒಂದು ಅನುಕೂಲವಿದೆ. ಅಂದಾಜು ತಪ್ಪು ಐದು ಮೀಟರಿಗೆ ಇಳಿಯುವವರೆಗೆ ಓಡಿಕೆ ತಾನಾಗಿ ಬಿಂದುವನ್ನು ದಾಖಲಿಸುವುದಿಲ್ಲ, ಈ ಮಿತಿಯನ್ನು ನಾವು ಬದಲಿಸಲೂಬಹುದು. ಆದರೆ ಕಾಯುವ ತಾಳ್ಮೆ ಇಲ್ಲದವರು "ಉಳಿಸು" ಒತ್ತಿಬಿಡುತ್ತಾರೆ. ನಮ್ಮ ಒಂದು ಸಮೀಕ್ಷೆಯಲ್ಲಿ ಹನ್ನೆರಡು ಮನೆಗಳು ಒಂದೇ ಬಸ್ ನಿಲ್ದಾಣದ ಮೇಲೆ ಕುಳಿತಿದ್ದವು, ಏಕೆಂದರೆ ಹುಡುಗ ಅಲ್ಲಿಯೇ ನೆರಳಿನಲ್ಲಿ ಕುಳಿತು ಫಾರಂಗಳನ್ನು ಮುಗಿಸಿದ್ದ.

ಫೋಟೊ ಗಾತ್ರವನ್ನು ಫಾರಂನಲ್ಲೇ ಕುಗ್ಗಿಸಿ. ಅರವತ್ತು ಕೆರೆ, ಕೆರೆಗೆ ಹತ್ತು ಫೋಟೊ, ಒಂದೊಂದೂ ನಾಲ್ಕು ಎಂಬಿ ಎಂದುಕೊಂಡರೂ 2.4 ಜಿಬಿ ಆಗುತ್ತದೆ, ಅದನ್ನು ಹಳ್ಳಿಯ ನೆಟ್‌ವರ್ಕ್‌ನಲ್ಲಿ ಕಳಿಸುವುದು ದಿನಗಟ್ಟಲೆಯ ಕೆಲಸ. ಓಡಿಕೆಯ ಸರ್ವರ್ ತಂತ್ರಾಂಶ ಉಚಿತವಾದರೂ ಅದನ್ನು ನಡೆಸಲು ಬಲ್ಲವರು ಬೇಕು. ಕೋಬೊದಲ್ಲಿ ಸಿದ್ಧ ಉಚಿತ ಖಾತೆ ಸಿಗುತ್ತದೆ, ಮಿತಿಗಳು ಆಗಾಗ ಬದಲಾಗುವುದರಿಂದ ಶುರುಮಾಡುವ ವಾರವೇ ಒಮ್ಮೆ ಓದಿಕೊಳ್ಳಿ. ಒತ್ತುವರಿ ಮಾಡಿದವರ ಹೆಸರು, ಫೋನ್ ನಂಬರ್ ಕೇಳುವ ಪ್ರಶ್ನೆ ಇದ್ದರೆ ಈಗಲೇ ತೆಗೆದುಹಾಕಿ. 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯ ಮಾತು ಹಾಗಿರಲಿ, ಅಂಥ ಪಟ್ಟಿ ನಿಮ್ಮ ಫೋನಿನಲ್ಲಿದೆ ಎಂದು ಊರಿಗೆ ಗೊತ್ತಾದರೆ ಎರಡನೆಯ ವರ್ಷ ಏರಿ ಹತ್ತಲು ಬಿಡುವುದಿಲ್ಲ.

ಕಾಡಂಚಿನ ಹಳ್ಳಿಗಳಲ್ಲಿ ನಕ್ಷೆ ಮಾಡಿಸಿದವರ ಉತ್ತರ

ಮೇಲಿನವರು ಹೇಳಿದ್ದೆಲ್ಲ ಮನೆಮನೆ ಸಮೀಕ್ಷೆಗೆ ಸರಿ. ಆದರೆ ಕೇಳಿದವರ ಕೆಲಸದಲ್ಲಿ ಅರ್ಧ ಭಾಗ ಪ್ರಶ್ನಾವಳಿಯಲ್ಲ, ಗೆರೆ ಎಳೆಯುವುದು. ಕಾಲುವೆಯೊಂದು ಎರಡು ಕಿಲೋಮೀಟರ್ ಹರಿದು, ಮಧ್ಯೆ ಮುಚ್ಚಿಹೋಗಿ, ಮತ್ತೆ ಯಾರದೋ ಟೊಮೆಟೊ ತೋಟದ ಬದುವಿನಲ್ಲಿ ಕಾಣಿಸಿಕೊಳ್ಳುತ್ತದೆ. ನಿನ್ನೆ ಇನ್ನೊಬ್ಬರು ಎಲ್ಲಿಯವರೆಗೆ ಎಳೆದಿದ್ದರು ಎಂಬುದು ಇವತ್ತು ನಡೆಯುವವರ ಕಣ್ಣೆದುರು ಇರಬೇಕು. ಓಡಿಕೆಯಲ್ಲಿ ಗೆರೆ, ಆವರಣ ಎರಡನ್ನೂ ದಾಖಲಿಸಬಹುದು, ಒಮ್ಮೆ ನೋಂದಾಯಿಸಿದ ಕೆರೆಯನ್ನು ಮತ್ತೆ ಆರಿಸಿಕೊಳ್ಳುವ ಸೌಲಭ್ಯವೂ ಈಚೆಗೆ ಬಂದಿದೆ. ಆದರೂ ಅಲ್ಲಿ ಫಾರಂ ಮುಂದೆ, ನಕ್ಷೆ ಹಿಂದೆ. ಕ್ಯೂಫೀಲ್ಡ್‌ನಲ್ಲಿ ನಕ್ಷೆಯೇ ಮುಂದಿರುತ್ತದೆ: ಇರುವ ಗೆರೆಯನ್ನು ಮುಟ್ಟಿ, ತಿದ್ದಿ, ಮುಂದಕ್ಕೆ ಎಳೆಯಬಹುದು.

ಬೆಲೆ ತೆರಬೇಕಾದದ್ದು ತಯಾರಿಯಲ್ಲಿ. ಕಂಪ್ಯೂಟರಿನಲ್ಲಿ ಕ್ಯೂಜಿಐಎಸ್ ತೆರೆದು ಲೇಯರ್‌ಗಳನ್ನು ಮಾಡಿ, ಬಣ್ಣ ಕೊಟ್ಟು, ಪ್ರತಿ ಕಾಲಂಗೂ ಆಯ್ಕೆಯ ಪಟ್ಟಿ ಕಟ್ಟಿದವರೊಬ್ಬರು ಇರಲೇಬೇಕು. ಸ್ವಲ್ಪ ಗೊತ್ತಿರುವ ಆ ಒಬ್ಬರಿಗೆ ಎರಡು ವಾರ ಬಿಡುವು ಕೊಡಿ. ಅವರು ಮಧ್ಯದಲ್ಲಿ ತಂಡ ಬಿಟ್ಟರೆ ಏನು ಗತಿ ಎಂಬುದನ್ನೂ ಯೋಚಿಸಿಡಿ.

ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಮೊದಲ ಸಲ ನಾವು ನಕ್ಷೆಯ ದತ್ತಾಂಶವಿರುವ ಒಂದೇ ಜಿಯೋಪ್ಯಾಕೇಜ್ ಫೈಲನ್ನು ಮೂರು ಫೋನುಗಳಿಗೆ ಕೇಬಲ್‌ನಲ್ಲಿ ಹಾಕಿಕೊಟ್ಟೆವು. ಸಂಜೆ ಮೂವರೂ ಬಂದರು, ನಾನು ಮೊದಲ ಫೋನಿನ ಫೈಲನ್ನು ಲ್ಯಾಪ್‌ಟಾಪಿಗೆ ಇಳಿಸಿದೆ, ಅನಂತರ ಎರಡನೆಯದನ್ನು. ಅದೇ ಹೆಸರಿನ ಫೈಲ್ ಇದೆ, ಅದರ ಮೇಲೆ ಬರೆಯಬೇಕೇ ಎಂದು ಲ್ಯಾಪ್‌ಟಾಪ್ ಕೇಳಿತು, ಹೌದು ಎಂದೆ. ಫೋನಿನಲ್ಲಿ ಜಾಗ ಇಲ್ಲವೆಂದು ಮೊದಲನೆಯವರು ಅಷ್ಟರಲ್ಲಿ ತಮ್ಮ ಪ್ರತಿಯನ್ನು ಅಳಿಸಿಬಿಟ್ಟಿದ್ದರು. ಬಿಸಿಲಿನಲ್ಲಿ ಹದಿನಾಲ್ಕು ಕಿಲೋಮೀಟರ್ ನಡೆದ ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಪ್ರತಿ ಫೋನೂ ತನ್ನ ಬಿಂದುಗಳಿಗೆ 1, 2, 3 ಎಂದು ತಾನೇ ಸಂಖ್ಯೆ ಕೊಡುತ್ತದೆ, ಆದ್ದರಿಂದ ಫೈಲುಗಳನ್ನು ಕೈಯಾರೆ ಕೂಡಿಸಲು ಹೋದರೂ ಮೂರು "1" ಸಿಗುತ್ತವೆ. ಇದಕ್ಕೆ ಉಪಾಯವೆಂದರೆ ಯುಯುಐಡಿ ಎಂಬ, ಒಂದರಂತೆ ಇನ್ನೊಂದಿರದ ಉದ್ದನೆಯ ಗುರುತನ್ನು ಪ್ರತಿ ದಾಖಲೆಗೂ ತಾನಾಗಿ ಬರೆಯುವಂತೆ ಕ್ಯೂಜಿಐಎಸ್‌ನಲ್ಲೇ ಹೊಂದಿಸಿಡುವುದು. ಇನ್ನೂ ಒಳ್ಳೆಯದೆಂದರೆ ಕೇಬಲ್ ಬಿಟ್ಟು ಕ್ಯೂಫೀಲ್ಡ್‌ಕ್ಲೌಡ್ ಅಥವಾ ಮರ್ಜಿನ್ ಮ್ಯಾಪ್ಸ್ ಮೂಲಕ ಹೊಂದಿಸಿಕೊಳ್ಳುವುದು. ಇವು ಇಡೀ ಫೈಲನ್ನು ಬದಲಿಸದೆ, ಯಾರು ಏನನ್ನು ತಿದ್ದಿದರು ಎಂಬುದನ್ನಷ್ಟೇ ತೆಗೆದುಕೊಂಡು ಕೂಡಿಸುತ್ತವೆ. ಎರಡರಲ್ಲಿ ಯಾವುದು ಎಂದರೆ, ಎಂಟು ಜನರ ತಂಡಕ್ಕೆ ಉಚಿತ ಖಾತೆಯಲ್ಲಿ ಯಾವುದು ದಕ್ಕುತ್ತದೋ ಅದು.

ನಕ್ಷೆಯ ಹಿನ್ನೆಲೆಗೆ ಬೇಕಾದ ಉಪಗ್ರಹ ಚಿತ್ರವನ್ನು ಮನೆಯಲ್ಲೇ, ನೆಟ್‌ವರ್ಕ್ ಇಲ್ಲದೆಯೂ ತೆರೆಯುವ ಎಂಬಿಟೈಲ್ಸ್ ಫೈಲಾಗಿ ಮಾಡಿ ಫೋನಿಗೆ ಹಾಕಿಕೊಳ್ಳಿ. ಚಿತ್ರದ ತಾರೀಕು ನೋಡದೆ ಅದನ್ನು ನಂಬಬೇಡಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರತೊಡಗಿದ ಮೇಲೆ, ಹಳೆಯ ಚಿತ್ರದಲ್ಲಿ ಜಾಲಿ ಬೆಳೆದ ಒಣ ಅಂಗಳವಾಗಿ ಕಾಣುವ ಕೆರೆ ಇಂದು ತುಂಬಿ ನಿಂತಿರಬಹುದು. ನೀರಿನಂಚನ್ನು ಚಿತ್ರ ನೋಡಿಕೊಂಡು ಮನೆಯಲ್ಲಿ ಎಳೆಯುವ ಆಸೆ ಬೇಡ.

ಖಾಸಗಿ ಸಂಸ್ಥೆಯೊಂದರಲ್ಲಿರುವವರ ಉತ್ತರ

ನಮ್ಮಲ್ಲಿ ಬಳಸುವುದು ಆರ್ಕ್‌ಜಿಐಎಸ್ ಫೀಲ್ಡ್ ಮ್ಯಾಪ್ಸ್. ನಕ್ಷೆ ಮತ್ತು ಫಾರಂ ಎರಡೂ ಒಂದೇ ಕಡೆ ಅಚ್ಚುಕಟ್ಟಾಗಿ ಸಿಗುತ್ತವೆ, ಕೈಕೊಟ್ಟದ್ದು ಕಡಿಮೆ. ಆದರೆ ಪ್ರತಿಯೊಬ್ಬ ಬಳಕೆದಾರರಿಗೂ ಲೈಸೆನ್ಸ್ ಬೇಕು, ವರ್ಷ ವರ್ಷ ಹಣ ಕಟ್ಟಬೇಕು. ಹಣವಿಲ್ಲ ಎಂದಿರುವಿರಿ, ಆದ್ದರಿಂದ ಇಷ್ಟೇ ಸಾಕು.

ಭೂಮಾಪನ ಇಲಾಖೆಯಿಂದ ನಿವೃತ್ತರಾದವರ ಉತ್ತರ

ಆ್ಯಪ್‌ಗಳ ವಿಷಯ ನನಗಿಂತ ನೀವೆಲ್ಲ ಬಲ್ಲಿರಿ. ಅಳತೆಯ ವಿಷಯದಲ್ಲಿ ಎರಡು ಮಾತು ಹೇಳುತ್ತೇನೆ, ಏಕೆಂದರೆ ಒತ್ತುವರಿ ಎಂಬ ಪದ ಇಲ್ಲಿ ಬಂದಿದೆ.

ಒಂದು ಗುಂಟೆ ಎಂದರೆ 1,089 ಚದರಡಿ, ಅಂದರೆ ಹೆಚ್ಚುಕಡಿಮೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ಬಯಲಿನಲ್ಲಿ, ತೆರೆದ ಆಕಾಶದ ಕೆಳಗೆ, ಮೊಬೈಲ್ ಫೋನಿನ ಜಿಪಿಎಸ್ ಸುಮಾರು ಐದು ಮೀಟರ್ ಆಚೀಚೆ ತೋರಿಸುತ್ತದೆ; ಹುಣಸೆಮರದಡಿಯಲ್ಲಿ ಇನ್ನೂ ಹೆಚ್ಚು. ಹೀಗಿರುವಾಗ ಕೆರೆಯಂಗಳದಲ್ಲಿ ಎರಡು ಗುಂಟೆ ಒತ್ತುವರಿಯಾಗಿದೆ ಎಂದು ಫೋನ್ ಹಿಡಿದು ಹೇಳಲು ಬರುವುದಿಲ್ಲ. ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ, ಅದನ್ನು ಬರೆದುಕೊಳ್ಳಿ, ಬಹಳ ಉಪಯೋಗ. ಆದರೆ ಗಡಿಗೆ ಅದು ಪುರಾವೆಯಲ್ಲ, ಇಲಾಖೆಯ ಭೂಮಾಪಕರು ಬಂದು ಅಳೆದದ್ದೇ ಲೆಕ್ಕ. ನಿಮ್ಮ ಫಾರಂನಲ್ಲಿ "ಒತ್ತುವರಿ ವಿಸ್ತೀರ್ಣ" ಎಂಬ ಕಾಲಂ ಬದಲು "ಕೆರೆಯಂಗಳದಲ್ಲಿ ಬೇಸಾಯ ಕಂಡಿತೇ" ಎಂದು ಕೇಳಿ, ಫೋಟೊ ತೆಗೆದುಕೊಳ್ಳಿ.

ಎರಡನೆಯದು, ನಿಮ್ಮ ಎರಡು ತಾಲ್ಲೂಕುಗಳಿಗೇ ಇರುವ ತೊಡಕು. ಭೂಮಿಯನ್ನು ವಲಯಗಳಾಗಿ ಹಂಚಿ ಜಾಗವನ್ನು ಮೀಟರ್ ಲೆಕ್ಕದಲ್ಲಿ ಗುರುತಿಸುವ ಯುಟಿಎಂ ಪದ್ಧತಿಯಲ್ಲಿ 78 ಡಿಗ್ರಿ ಪೂರ್ವ ರೇಖಾಂಶಕ್ಕೆ 43ನೆಯ ವಲಯ ಮುಗಿದು 44ನೆಯದು ಶುರುವಾಗುತ್ತದೆ. ಕರ್ನಾಟಕದ ಹೆಚ್ಚಿನ ಭಾಗ 43ರಲ್ಲಿದೆ. ಮಾಲೂರು ಪಟ್ಟಣ ಆ ಗೆರೆಯ ಪಶ್ಚಿಮಕ್ಕೆ, ಕೋಲಾರ, ಬಂಗಾರಪೇಟೆ, ಮುಳಬಾಗಿಲು ಪೂರ್ವಕ್ಕೆ. ಕೋಲಾರ ಪಟ್ಟಣದ ಬಳಿಯ ಒಂದೇ ಬಿಂದುವಿನ ಪೂರ್ವಾಂಕ (ಪೂರ್ವ ದಿಕ್ಕಿನ ಮೀಟರ್ ಅಂಕಿ) 43ರಲ್ಲಿ ಎಂಟು ಲಕ್ಷ ಮೀಟರ್ ದಾಟುತ್ತದೆ, 44ರಲ್ಲಿ ಎರಡು ಲಕ್ಷವನ್ನೂ ಮುಟ್ಟುವುದಿಲ್ಲ. 44ರಲ್ಲಿ ಬರೆದದ್ದನ್ನು 43 ಎಂದು ಓದಿದರೆ ನಿಮ್ಮ ತೂಬು ಅರಬ್ಬೀ ಸಮುದ್ರದಲ್ಲಿ ಇರುತ್ತದೆ. ಆದ್ದರಿಂದ ಎಲ್ಲವನ್ನೂ ಅಕ್ಷಾಂಶ ರೇಖಾಂಶಗಳಲ್ಲೇ, ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಪದ್ಧತಿಯಲ್ಲಿ ಇಡಿ. ಉದ್ದ, ವಿಸ್ತೀರ್ಣಗಳನ್ನು ಕೊನೆಗೆ ಕ್ಯೂಜಿಐಎಸ್ ಲೆಕ್ಕ ಹಾಕಿಕೊಡುತ್ತದೆ.

ಕನ್ನಡದಲ್ಲೇ ದತ್ತಾಂಶ ಇಟ್ಟುಕೊಂಡವರ ಉತ್ತರ

ಫಾರಂನ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆಯಿರಿ, ಆದರೆ ಕಾಲಂಗಳ ಒಳಹೆಸರನ್ನು ಇಂಗ್ಲಿಷಿನಲ್ಲೇ ಚಿಕ್ಕದಾಗಿ ಇಡಿ. ಕನ್ನಡದ ಮೇಲಿನ ಪ್ರೀತಿಯಿಂದ ನಾನು ಹಾಗೆ ಮಾಡದೆ ಕೆಟ್ಟೆ. ಶೇಪ್‌ಫೈಲ್ ಎಂಬ ಹಳೆಯ ಬಗೆಯ ನಕ್ಷೆ ಫೈಲಿನಲ್ಲಿ ಕಾಲಂ ಹೆಸರಿಗೆ ಹತ್ತು ಬೈಟ್ ಮಾತ್ರ ಜಾಗ. ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದು ಅಕ್ಷರಕ್ಕೆ ಮೂರು ಬೈಟ್, ಗುಣಿತದ ಚಿಹ್ನೆಗೂ ಬೇರೆ ಮೂರು. ಹೀಗಾಗಿ "ತೂಬಿನ ಸ್ಥಿತಿ" ಎಂಬುದು "ತೂಬ" ಆಗಿ ನಿಂತಿತು, "ತೂಬಿನ ಅಳತೆ" ಎಂಬುದೂ "ತೂಬ" ಆಯಿತು, ಯಾವುದು ಯಾವುದೆಂದು ಹುಡುಕುವುದರಲ್ಲಿ ಒಂದು ಭಾನುವಾರ ಹೋಯಿತು. ಜಿಯೋಪ್ಯಾಕೇಜ್‌ನಲ್ಲಿ ಈ ಕಾಟವಿಲ್ಲ, ಆದರೆ ನಿಮ್ಮಿಂದ ಮಾಹಿತಿ ಪಡೆಯುವವರು ಶೇಪ್‌ಫೈಲನ್ನೇ ಕೇಳುತ್ತಾರೆ ಎಂಬುದು ನೆನಪಿರಲಿ.

ಉತ್ತರಗಳನ್ನು ಅಲ್ಪವಿರಾಮಗಳಿಂದ ಬೇರ್ಪಡಿಸಿ ಇಡುವ ಸಿಎಸ್‌ವಿ ಫೈಲನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡವೆಲ್ಲ ಚಿತ್ರವಿಚಿತ್ರ ಗುರುತುಗಳಾಗಿ ಕಾಣಬಹುದು; ಗಾಬರಿಯಾಗಿ ಆ ಫೈಲನ್ನು ಉಳಿಸಬೇಡಿ, ಯುಟಿಎಫ್-8 ಎಂದು ಹೇಳಿ ಒಳತಂದುಕೊಳ್ಳಿ. ಊರಿನ ಹೆಸರನ್ನು ಮಾತ್ರ ಯಾರಿಗೂ ಟೈಪು ಮಾಡಲು ಬಿಡಬೇಡಿ. ಹಳ್ಳಿ, ಹಳ್ಳೀ, ಪಲ್ಲಿ ಎಂದು ಒಂದೇ ಊರು ಮೂರಾಗುತ್ತದೆ, ನಿಮ್ಮ ಆಂಧ್ರದ ಗಡಿಯಲ್ಲಂತೂ ಕೇಳುವುದೇ ಬೇಡ. ಸಿದ್ಧ ಪಟ್ಟಿಯಿಂದ ಆರಿಸಲಿ.

ಪ್ರಶ್ನೆ ಕೇಳಿದವರು, ಮೂರು ವಾರಗಳ ಅನಂತರ

ಎಲ್ಲರಿಗೂ ಕೃತಜ್ಞತೆಗಳು. ಕಳೆದ ಶನಿವಾರ ಮುಳಬಾಗಿಲಿನ ಕಡೆಯ ಒಂದೇ ಕೆರೆಗೆ ನಾಲ್ಕು ಜನ ಹೋಗಿ, ಇಬ್ಬರು ಕೋಬೊದಲ್ಲಿ, ಇಬ್ಬರು ಕ್ಯೂಫೀಲ್ಡ್‌ನಲ್ಲಿ ಅದೇ ಕೆಲಸವನ್ನು ಮಾಡಿ ನೋಡಿದೆವು. ಮಾತುಕತೆಯ ಪ್ರಶ್ನೆಗಳು ಕೋಬೊದಲ್ಲಿ ಸಲೀಸಾಗಿ ಮುಗಿದವು. ಕಾಲುವೆಯ ಹೊತ್ತಿಗೆ ಅವರಿಬ್ಬರೂ ಫೋನ್ ಮಡಿಚಿಟ್ಟು ಕ್ಯೂಫೀಲ್ಡ್‌ನವರ ಹಿಂದೆ ನಡೆದರು. ಆದ್ದರಿಂದ ಎರಡನ್ನೂ ಇಟ್ಟುಕೊಳ್ಳುತ್ತಿದ್ದೇವೆ: ಏರಿ, ತೂಬು, ಕೋಡಿ, ಕಾಲುವೆಗಳಿಗೆ ಕ್ಯೂಫೀಲ್ಡ್, ಹಿರಿಯರ ಮಾತಿಗೆ ಕೋಬೊ, ಎರಡನ್ನೂ ಬೆಸೆಯಲು ಪ್ರತಿ ಕೆರೆಗೊಂದು ಸಂಖ್ಯೆ. ಫೋಟೊಗಳು ಕೋಬೊದಲ್ಲಿ ಮಾತ್ರ.

ನಾವು ಎಣಿಸದೇ ಇದ್ದ ಎಡವಟ್ಟು ಪದದಲ್ಲಿತ್ತು. ನಮ್ಮ ಪಟ್ಟಿಯಲ್ಲಿ "ಕಾಲುವೆ" ಎಂದು ಒಂದೇ ಆಯ್ಕೆ ಇತ್ತು. ಒಬ್ಬರು ಕೆರೆಗೆ ನೀರು ತರುವ ಕಾಲುವೆಯನ್ನು ಎಳೆದರು, ಇನ್ನೊಬ್ಬರು ತೂಬಿನಿಂದ ಗದ್ದೆಗೆ ಹೋಗುವುದನ್ನು, ನಕ್ಷೆಯಲ್ಲಿ ಎರಡೂ ಒಂದೇ ನೀಲಿ ಬಣ್ಣ. ಜೊತೆಗಿದ್ದ ನೀರುಗಂಟಿ ತಾತ ಫೋನ್ ನೋಡಿ, ಇದರಲ್ಲಿ ನೀರು ಹತ್ತಿಕೊಂಡು ಹೋಗ್ತದಲ್ಲಪ್ಪ ಎಂದು ನಕ್ಕರು. ಈಗ ಪಟ್ಟಿಯಲ್ಲಿ ಎರಡು ಬೇರೆ ಆಯ್ಕೆಗಳಿವೆ, ಬಣ್ಣವೂ ಬೇರೆ. ಭಾನುವಾರದಿಂದ ಮಾಲೂರು ಕಡೆಯ ಮೊದಲ ಹತ್ತು ಕೆರೆಗಳಿಗೆ ಹೊರಡುತ್ತಿದ್ದೇವೆ.