ಮಂಡಗದ್ದೆ ಬೆಳ್ಳಕ್ಕಿ ಫೋಟೊ ಕ್ರಾಪ್ ಮಾಡೋಕೆ 45 ಮೆಗಾಪಿಕ್ಸೆಲ್ ಬೇಕಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಮಳೆ ಸ್ವಲ್ಪ ಹೊಳವಾಗಿತ್ತು, ಮಂಡಗದ್ದೆ ಪಕ್ಷಿಧಾಮಕ್ಕೆ ಹೋಗಿದ್ದೆ. ನಡುಗಡ್ಡೆ ಮರದ ತುಂಬ ಬೆಳ್ಳಕ್ಕಿ, ನೀರುಕಾಗೆ. ಒಂದು ಬೆಳ್ಳಕ್ಕಿ ಮರಿಗೆ ಗುಟುಕು ಕೊಡ್ತಾ ಇತ್ತು, ಮರಿ ತಾಯಿ ಕೊಕ್ಕನ್ನೇ ಅಡ್ಡ ಕಚ್ಚಿ ಎಳೆಯುತ್ತಿತ್ತು. ನನ್ನದು ನಿಕಾನ್ ಡಿ7200, 24 ಮೆಗಾಪಿಕ್ಸೆಲ್, 70-300 ಎಂಎಂ ಜೂಮ್ ಲೆನ್ಸ್. ದಡದಿಂದ ತೆಗೆದರೆ ತಾಯಿ ಮರಿ ಎರಡೂ ಸೇರಿ ಫ್ರೇಮ್ ಅಗಲದ ಐದರಲ್ಲಿ ಒಂದು ಪಾಲು ಅಷ್ಟೇ. ನಮ್ಮೂರ ಶಾಲೆಗೆ ಕೊಡೋಣ ಅಂತ ಕ್ರಾಪ್ ಮಾಡಿ (ಬೇಕಾದ ಭಾಗ ಮಾತ್ರ ಕತ್ತರಿಸಿ) 12 x 18 ಇಂಚಿಗೆ ಪ್ರಿಂಟ್ ಹಾಕಿಸಿದೆ. ಮಸುಕಾಗಿ ಬಂತು, ಗರಿಯೆಲ್ಲ ಸುಣ್ಣ ಬಳಿದ ಹಾಗೆ. ಸೆಕೆಂಡ್ ಹ್ಯಾಂಡ್ ಡಿ850 ಒಂದು ಸಿಗ್ತಾ ಇದೆ, 45 ಮೆಗಾಪಿಕ್ಸೆಲ್. ತಗೊಂಡ್ರೆ ಸರಿಹೋಗುತ್ತಾ?

ಗುಡವಿ ದಾರಿ:
ಸರ್, ದುಡ್ಡು ಕೊಡೋ ಮೊದಲು ಒಂದು ಲೆಕ್ಕ ನೋಡಿ. ನಿಮ್ಮ ಕ್ಯಾಮೆರಾದ ಫೋಟೊ 6000 ಪಿಕ್ಸೆಲ್ ಅಗಲ, ಅದರಲ್ಲಿ ಹಕ್ಕಿಗೆ ಸಿಕ್ಕಿದ್ದು 1200. ಡಿ850ರಲ್ಲಿ ಅಗಲ 8256 ನಿಜ, ಆದ್ರೆ ಸೆನ್ಸರ್ (ಬೆಳಕು ಹಿಡಿಯೋ ಚಿಪ್) ದೊಡ್ಡದು. ಅದೇ ಜಾಗದಲ್ಲಿ ನಿಂತು ಅದೇ 300 ಎಂಎಂನಲ್ಲಿ ತೆಗೆದರೆ ಹಕ್ಕಿಗೆ ಸಿಗೋದು 1100ರ ಹತ್ತಿರ, ಅಂದ್ರೆ ಈಗಿನದಕ್ಕಿಂತ ಕಡಿಮೆನೇ. ಜಾಸ್ತಿ ಸಿಗೋದು ಸುತ್ತಲಿನ ಮರ, ನೀರು. ದೂರದ ಹಕ್ಕಿಗೆ ಬೇಕಾಗಿರೋದು ಉದ್ದದ ಲೆನ್ಸ್. 600 ಎಂಎಂವರೆಗೆ ಹೋಗೋ ಲೆನ್ಸ್ ಬಾಡಿಗೆಗೆ ಸಿಕ್ಕರೆ ಈಗಿರೋ ಕ್ಯಾಮೆರಾದಲ್ಲೇ 2400 ಪಿಕ್ಸೆಲ್ ಆಗುತ್ತೆ.

ಹೊಸನಗರದ ಹುಡುಗಿ:
ಲೆಕ್ಕ ಸರಿ, ಆದ್ರೆ ಸುಮ್ನೆ ಬೇಡ ಅಂತ ಬಿಡಬೇಡಿ. ನಾನು ಡಿ850 ಬಳಸ್ತೀನಿ. ಹಾರೋ ಬೆಳ್ಳಕ್ಕಿಯನ್ನು ಬಿಗಿಯಾಗಿ ಹಿಡಿಯೋಕೆ ಹೋದ್ರೆ ರೆಕ್ಕೆ ತುದಿ ಕತ್ತರಿಸಿ ಹೋಗುತ್ತೆ ಅಲ್ವಾ? ನಾನು ಸುತ್ತ ಜಾಗ ಬಿಟ್ಟು ತೆಗೆದು ಮನೆಗೆ ಬಂದು ಕ್ರಾಪ್ ಮಾಡ್ತೀನಿ. ಇನ್ನೊಂದು ಅನುಕೂಲ ಇದೆ. ಜೋಗದಲ್ಲಿ ಅಡ್ಡ ಹಿಡಿದು ತೆಗೆದ ಫೋಟೊದಿಂದ ಆಮೇಲೆ ಬರೀ ರಾಜಾ ಧಾರೆಯನ್ನು ಉದ್ದಕ್ಕೆ ಕತ್ತರಿಸಿದೆ, ಆಗಲೂ 3669 x 5504 ಉಳಿಯಿತು. 12 x 18ಕ್ಕೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಬೇಕಾಗೋದು 3600 x 5400, ಸರಿಯಾಗಿ ಸಾಕಾಯಿತು. ನಿಮ್ಮ 24ರಲ್ಲಿ ಹಾಗೆ ಕತ್ತರಿಸಿದರೆ 8 x 12ಕ್ಕೆ ಚೆನ್ನಾಗಿರುತ್ತೆ. ಆದ್ರೆ ರಾ ಫೈಲ್ (ಕ್ಯಾಮೆರಾದ ಮೂಲ ಫೈಲ್) ಒಂದೊಂದೂ 50 ಎಂಬಿ ಹತ್ತಿರ, ಹಾರ್ಡ್ ಡಿಸ್ಕ್ ಖರ್ಚನ್ನೂ ಸೇರಿಸಿಕೊಳ್ಳಿ.

ಮಳೆಗಾಲ:
ಗರಿ ಸುಣ್ಣ ಬಳಿದ ಹಾಗಿದೆ ಅಂದ್ರಲ್ಲ, ಅದು ಪಿಕ್ಸೆಲ್ ಕಡಿಮೆಯಾಗಿ ಆಗಿದ್ದಲ್ಲ. ಹಿಂದೆ ಕಪ್ಪು ಮರ, ಮೇಲೆ ಮೋಡ. ಕ್ಯಾಮೆರಾ ಕತ್ತಲು ಅಂದುಕೊಂಡು ಬೆಳಕು ಜಾಸ್ತಿ ಎಳೆದುಕೊಂಡಿರುತ್ತೆ. ಬಿಳಿ ಪೂರ್ತಿ ಸುಟ್ಟುಹೋದ ಮೇಲೆ ಯಾವ ಕ್ಯಾಮೆರಾದಲ್ಲೂ ಗರಿಯ ಗೆರೆ ವಾಪಸ್ ಬರಲ್ಲ. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಅಂದ್ರೆ ಬೆಳಕು ಅರ್ಧ ಮಾಡಿ ನೋಡಿ. ಶಟರ್ ವೇಗ ಎಷ್ಟಿತ್ತು?

ತುಂಗಾತೀರ:
ಈಗ ನೋಡಿದೆ, 1/200 ಸೆಕೆಂಡ್. 300 ಎಂಎಂನಲ್ಲಿ!

ಮಳೆಗಾಲ:
ಹಾಗಿದ್ರೆ ಕೈ ನಡುಕನೂ ಇದೆ, ಕೊಕ್ಕು ಆಡಿಸಿದ ಮಸುಕೂ ಇದೆ. ಕ್ರಾಪ್ ಮಾಡಿದಷ್ಟೂ ಅದು ದೊಡ್ಡದಾಗಿ ಕಾಣುತ್ತೆ. 1/1000 ಇಡಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿದರೆ ಏರಲಿ.

ತುಂಗಾತೀರ:
ತುಂಬ ಥ್ಯಾಂಕ್ಸ್. ಡಿ850 ಸದ್ಯಕ್ಕೆ ಬಿಟ್ಟೆ, ಲೆನ್ಸ್ ಬಾಡಿಗೆಗೆ ಕೇಳಿದ್ದೀನಿ. ಮರಿ ಗೂಡು ಬಿಡೋದರೊಳಗೆ ಇನ್ನೊಂದು ಸಲ ಹೋಗಬೇಕು.