ಆಕ್ಸಿಜನ್ 98, ಎಕ್ಸ್‌ರೇ ಸರಿ. ಆದರೂ ಕಿಡ್ನಿ ರೋಗಿಗೆ ಏದುಸಿರು ಯಾಕೆ?

ಪ್ರಶ್ನೆ: ರೋಗಿಗೆ 58 ವರ್ಷ, ತೂಕ 60 ಕೆಜಿ, ಹಳೆಯ ಸಕ್ಕರೆ ಕಾಯಿಲೆ. ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ 5.8. ಉಸಿರು ನಿಮಿಷಕ್ಕೆ 28, ಅದೂ ಆಳವಾಗಿ. ಬೆರಳಿಗೆ ಹಾಕುವ ಮೀಟರ್‌ನಲ್ಲಿ 98 ತೋರಿಸುತ್ತದೆ, ಎದೆಯ ಎಕ್ಸ್‌ರೇ ಸರಿಯಿದೆ. ರಕ್ತದ ಎಬಿಜಿ (ಅಪಧಮನಿ ರಕ್ತದ ಅನಿಲ, ಆಮ್ಲ ಪರೀಕ್ಷೆ) ವರದಿ: ಪಿಎಚ್ (ಇಳಿದಷ್ಟೂ ಆಮ್ಲ ಹೆಚ್ಚು) 7.28, ಕಾರ್ಬನ್ ಡೈಆಕ್ಸೈಡ್ 26, ಬೈಕಾರ್ಬನೇಟ್ 12. ತೊಂದರೆ ಶ್ವಾಸಕೋಶದಲ್ಲೇ? ಮನೆಯಲ್ಲಿ ಆಕ್ಸಿಜನ್ ಮಷಿನ್ ಇಡಬೇಕೇ?

ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರು): ಶ್ವಾಸಕೋಶ ಚೆನ್ನಾಗಿಯೇ ಇದೆ, ಕಿಡ್ನಿಯ ಬಾಕಿ ಕೆಲಸವನ್ನೂ ಅದೇ ಮಾಡುತ್ತಿದೆ. ಆಕ್ಸಿಜನ್ ಮಷಿನ್‌ನಿಂದ ಇಲ್ಲಿ ಪ್ರಯೋಜನವಿಲ್ಲ. ಕೊರತೆ ಇರುವುದು ರಕ್ತದ ಆಮ್ಲವನ್ನು ತಣಿಸುವ ಬೈಕಾರ್ಬನೇಟ್‌ನದು.

ಮೈಯಲ್ಲಿ ಎರಡು ಬಗೆಯ ಆಮ್ಲ ಹುಟ್ಟುತ್ತದೆ. ಒಂದು ಕಾರ್ಬನ್ ಡೈಆಕ್ಸೈಡ್, ದಿನಕ್ಕೆ ಸುಮಾರು 15,000 ಮಿಲಿಮೋಲ್ (ವಸ್ತುವಿನ ಪ್ರಮಾಣದ ಅಳತೆ); ಅದು ಉಸಿರಿನಲ್ಲಿ ಹೊರಹೋಗುತ್ತದೆ. ಇನ್ನೊಂದು, ಮುಖ್ಯವಾಗಿ ಪ್ರೋಟೀನ್‌ನಲ್ಲಿರುವ ಗಂಧಕದಿಂದ ಬರುವ ಆಮ್ಲ. ಕೆಜಿಗೆ ಸುಮಾರು 1 ಮಿಲಿಮೋಲ್, ಅಂದರೆ ಈ ರೋಗಿಗೆ ದಿನಕ್ಕೆ 60. ಇದು ಗಾಳಿಯಾಗಿ ಹಾರಿಹೋಗುವಂಥದ್ದಲ್ಲ, ಮೂತ್ರದಲ್ಲೇ ಹೋಗಬೇಕು.

ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ನೀರು ಸೋಸುತ್ತವೆ. ಅದರೊಂದಿಗೆ ಹೊರಬಂದ ನಾಲ್ಕು ಸಾವಿರಕ್ಕೂ ಹೆಚ್ಚು ಮಿಲಿಮೋಲ್ ಬೈಕಾರ್ಬನೇಟನ್ನು ಬಹುತೇಕ ಪೂರ್ತಿ ಹಿಂದಕ್ಕೆ ಎಳೆದುಕೊಳ್ಳುತ್ತವೆ. ಅದಾದ ಮೇಲೆ ಆ 60ರ ಲೆಕ್ಕ ತೀರಿಸಬೇಕು. ಮೂತ್ರದ ಪಿಎಚ್ 4.5ಕ್ಕಿಂತ ಕೆಳಗೆ ಇಳಿಯುವುದಿಲ್ಲವಾದ್ದರಿಂದ ಬಿಡಿ ಆಮ್ಲವಾಗಿ ಹೋಗುವುದು ನಗಣ್ಯ. ಉಳಿದದ್ದು ಫಾಸ್ಫೇಟ್ ಮತ್ತು ಅಮೋನಿಯಾ ಜೊತೆ ಸೇರಿಯೇ ಹೋಗಬೇಕು. ಅಮೋನಿಯಾ ತಯಾರಿಸುವುದು ಕಿಡ್ನಿಯ ಸೋಸುವ ಪುಟ್ಟ ಘಟಕಗಳಾದ ನೆಫ್ರಾನ್‌ಗಳು. ಅವು ಸತ್ತಷ್ಟೂ ಅಮೋನಿಯಾ ಕಡಿಮೆ, ಆಮ್ಲ ಒಳಗೇ ಉಳಿಯುತ್ತದೆ, ಅದನ್ನು ತಣಿಸುತ್ತಾ ಬೈಕಾರ್ಬನೇಟ್ ಖರ್ಚಾಗುತ್ತದೆ. ನಾರ್ಮಲ್ 22–26, ಇವರಲ್ಲಿ 12.

ಕತ್ತಿನ ಕೆರೋಟಿಡ್ ರಕ್ತನಾಳದ ಬಳಿ ಇರುವ ಪುಟ್ಟ ಅಂಗ ಈ ಆಮ್ಲವನ್ನು ಗುರುತಿಸಿ ಮೆದುಳಿನ ಉಸಿರಾಟ ಕೇಂದ್ರವನ್ನು ಚುರುಕುಗೊಳಿಸುತ್ತದೆ. ಉಸಿರು ಹೆಚ್ಚಿದಷ್ಟೂ ಕಾರ್ಬನ್ ಡೈಆಕ್ಸೈಡ್ ಇಳಿದು ಪಿಎಚ್ ಸ್ವಲ್ಪ ಮೇಲೇರುತ್ತದೆ. ಕಾರ್ಬನ್ ಡೈಆಕ್ಸೈಡ್ ಎಷ್ಟಕ್ಕೆ ಇಳಿಯಬೇಕೆಂದು ತಿಳಿಯಲು ಬೈಕಾರ್ಬನೇಟನ್ನು 1.5ರಿಂದ ಗುಣಿಸಿ 8 ಕೂಡಿಸಿ. 12ಕ್ಕೆ 26 ಬರುತ್ತದೆ, ಎರಡು ಅಂಕಿ ಆಚೀಚೆ ಇರಬಹುದು. ನಿಮ್ಮ ವರದಿಯಲ್ಲೂ 26. ಅದೇ 36 ಇದ್ದಿದ್ದರೆ ಶ್ವಾಸಕೋಶವೂ ಸೋಲುತ್ತಿದೆ ಎಂದು ಗಾಬರಿಯಾಗಬೇಕಿತ್ತು.

ಪ್ರಶ್ನೆ: ವೇಗ ಸರಿ, ಆಳ ಯಾಕೆ?

ನೆಫ್ರಾಲಜಿಸ್ಟ್: ಪ್ರತಿ ಉಸಿರಿನಲ್ಲೂ ಸುಮಾರು 150 ಮಿಲಿ ಗಾಳಿ ಮೂಗು, ಶ್ವಾಸನಾಳದಲ್ಲೇ ಉಳಿದುಬಿಡುತ್ತದೆ, ಕೆಲಸಕ್ಕೆ ಬರುವುದಿಲ್ಲ. ನಿಮಿಷಕ್ಕೆ 500 ಮಿಲಿಯಂತೆ 14 ಬಾರಿ, ಒಟ್ಟು 7 ಲೀಟರ್ ಎಳೆದರೆ ಗಾಳಿಚೀಲಗಳಿಗೆ ಮುಟ್ಟುವುದು 4.9 ಲೀಟರ್. ಅದೇ 7 ಲೀಟರನ್ನು 250 ಮಿಲಿಯಂತೆ 28 ಬಾರಿ ಎಳೆದರೆ ಮುಟ್ಟುವುದು ಬರೀ 2.8. ಹಾಗಾಗಿ ಆಮ್ಲ ಕಳೆಯಬೇಕಾದ ದೇಹ ಆಳವಾಗಿಯೇ ಎಳೆಯುತ್ತದೆ. ನಿದ್ದೆ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಸಿರಪ್ ದಯವಿಟ್ಟು ಕೊಡಬೇಡಿ. ಉಸಿರು ನಿಧಾನವಾದ ಕೂಡಲೇ ಪಿಎಚ್ ಕುಸಿಯುತ್ತದೆ. ಐಸಿಯುನಲ್ಲೂ ಇದೇ ಅಪಾಯ: ಇಂಥವರಿಗೆ ವೆಂಟಿಲೇಟರ್ ಹಾಕಿ ರೇಟ್ 14ಕ್ಕೆ ಇಟ್ಟರೆ ಪರಿಸ್ಥಿತಿ ಕೈಮೀರುತ್ತದೆ.

ಡಯಾಲಿಸಿಸ್ ಟೆಕ್ನಿಷಿಯನ್: ಒಂದು ಸೇರಿಸುತ್ತೇನೆ. ಕಿಡ್ನಿ ರೋಗಿಗಳ ಏದುಸಿರೆಲ್ಲ ಆಮ್ಲದಿಂದಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿದರೆ ಮಲಗಿದಾಗ ಹೆಚ್ಚು, ಎದ್ದು ಕೂತರೆ ಕಡಿಮೆ. ಕಾಲು ಊದಿರುತ್ತದೆ, ಮೀಟರ್ ಅಂಕಿಯೂ ಇಳಿಯಬಹುದು. ಆಮ್ಲದ ಉಸಿರು ಕೂತರೂ ಮಲಗಿದರೂ ಒಂದೇ. ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮೊದಲು ತೂಕ ನೋಡಿ. ಎರಡು ದಿನದಲ್ಲಿ 2 ಕೆಜಿ ಏರಿದರೆ ಅದು 2 ಲೀಟರ್ ನೀರು, ಕೊಬ್ಬಲ್ಲ. ಹಿಮೋಗ್ಲೋಬಿನ್ ಕಡಿಮೆಯಿದ್ದರೂ ಏದುಸಿರು ಬರುತ್ತದೆ. ರಕ್ತಕಣ ಹುಟ್ಟಿಸುವ ಹಾರ್ಮೋನ್ ಎರಿಥ್ರೋಪೊಯೆಟಿನ್ ಬಹುಪಾಲು ಕಿಡ್ನಿಯಲ್ಲೇ ತಯಾರಾಗುವುದರಿಂದ ಈ ಹಂತದಲ್ಲಿ ಅದೂ ಸಾಮಾನ್ಯ.

ಪ್ರಶ್ನೆ: ಬೈಕಾರ್ಬನೇಟ್ ಅಂದರೆ ಅಡುಗೆ ಸೋಡಾ ತಾನೇ? ಒಂದು ಚಮಚ ಕುಡಿಸಿದರೆ? ಎಳನೀರು ಕೊಡಬಹುದೇ?

ನೆಫ್ರಾಲಜಿಸ್ಟ್: ವಸ್ತು ಅದೇ, ಅಳತೆಯೇ ಸಮಸ್ಯೆ. 500 ಮಿಗ್ರಾಂ ಸೋಡಿಯಂ ಬೈಕಾರ್ಬನೇಟ್ ಮಾತ್ರೆಯಲ್ಲಿ ಸುಮಾರು 6 ಮಿಲಿಮೋಲ್ ಬೈಕಾರ್ಬನೇಟ್ ಇರುತ್ತದೆ. ಒಂದು ಟೀ ಚಮಚ ಸೋಡಾದಲ್ಲಿ ಅದರ ಒಂಬತ್ತು ಪಟ್ಟು, ಜೊತೆಗೆ 1.2 ಗ್ರಾಂ ಮೇಲ್ಪಟ್ಟು ಸೋಡಿಯಂ. ಇವರ ಇಡೀ ದಿನದ ಸೋಡಿಯಂ ಮಿತಿಯೇ 2 ಗ್ರಾಂ, ಅಂದರೆ 5 ಗ್ರಾಂ ಉಪ್ಪು. ಊತ, ಬಿಪಿ ಎರಡೂ ಏರುತ್ತವೆ. ಆಮ್ಲ ಏಕಾಏಕಿ ಇಳಿದರೆ ರಕ್ತದಲ್ಲಿ ಕೆಲಸ ಮಾಡುವ ಕ್ಯಾಲ್ಸಿಯಂ ಕೂಡ ಇಳಿದು ಕೈಬೆರಳು ಸೆಟೆದುಕೊಳ್ಳಬಹುದು. ಮಾತ್ರೆಯನ್ನು ವೈದ್ಯರು ಹೇಳಿದ ಲೆಕ್ಕದಲ್ಲೇ ಕೊಡಿ.

ಎಳನೀರು ಬೇಡ. ನಮ್ಮಲ್ಲಿ ಯಾರಿಗೆ ಸುಸ್ತಾದರೂ ಮೊದಲು ಹಿಡಿದುಕೊಂಡು ಹೋಗುವುದು ಅದನ್ನೇ, ಆದರೆ 100 ಮಿಲಿಯಲ್ಲಿ ಸುಮಾರು 250 ಮಿಗ್ರಾಂ ಪೊಟ್ಯಾಶಿಯಂ ಇರುತ್ತದೆ. ಕಿಡ್ನಿ ಅದನ್ನು ಹೊರಹಾಕಲಾರದು, ಆಮ್ಲ ಹೆಚ್ಚಿದ್ದಾಗ ಜೀವಕೋಶದೊಳಗಿನ ಪೊಟ್ಯಾಶಿಯಂ ಕೂಡ ರಕ್ತಕ್ಕೆ ಬರುತ್ತದೆ. ರಕ್ತದಲ್ಲಿ ಅದು 6.5 ದಾಟಿದರೆ ಹೃದಯದ ಬಡಿತವೇ ತಪ್ಪಬಹುದು. ಇವತ್ತೇ ಪೊಟ್ಯಾಶಿಯಂ ಪರೀಕ್ಷೆ, ಇಸಿಜಿ ಮಾಡಿಸಿ. ಸಕ್ಕರೆ ಕಾಯಿಲೆ ಇರುವುದರಿಂದ ಕೀಟೋನ್ (ಇನ್ಸುಲಿನ್ ಕೊರತೆಯಲ್ಲಿ ಕೊಬ್ಬು ಕರಗಿ ಹುಟ್ಟುವ ಆಮ್ಲ) ಕೂಡ ನೋಡಿಸಿ. ಕೀಟೋನ್ ಏರಿದಾಗಲೂ ಉಸಿರು ಹೀಗೇ ಇರುತ್ತದೆ, ಆದರೆ ಚಿಕಿತ್ಸೆ ಇನ್ಸುಲಿನ್. ಮೊಣಕಾಲು ನೋವಿಗೆ ಡೈಕ್ಲೋಫೆನಾಕ್ ನುಂಗುತ್ತಿದ್ದರೆ ನಿಲ್ಲಿಸಿ.

ಮಂಪರು ಬಂದರೆ, ಅಥವಾ ಮಂಪರಿನ ಜೊತೆ ಉಸಿರು ನಿಧಾನವಾದರೆ, ಗುಣವಾಗುತ್ತಿದೆ ಎಂದುಕೊಳ್ಳಬೇಡಿ. ಸ್ನಾಯುಗಳು ಸೋತಿವೆ ಎಂದರ್ಥ. ಆಗ ಕಾಯದೆ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಪ್ರಶ್ನೆ: ಡಯಾಲಿಸಿಸ್ ಮಾಡಿದರೆ ಉಸಿರು ತಕ್ಷಣ ಸರಿಹೋಗುತ್ತದೆಯೇ?

ಡಯಾಲಿಸಿಸ್ ಟೆಕ್ನಿಷಿಯನ್: ತಕ್ಷಣ ಇಲ್ಲ. ಮೊದಲ ಸಲ ಸಾಮಾನ್ಯವಾಗಿ 2 ಗಂಟೆ ಮಾತ್ರ, ರಕ್ತದ ಹರಿವೂ ಕಡಿಮೆ ಇಡುತ್ತೇವೆ. ಯೂರಿಯಾ ಒಮ್ಮೆಲೇ ಇಳಿದರೆ ಮೆದುಳು ಊದಿ ತಲೆನೋವು, ವಾಂತಿ, ಫಿಟ್ಸ್ ಬರಬಹುದು. ರಕ್ತದ ಬೈಕಾರ್ಬನೇಟ್ ಏರಿದ ಮೇಲೂ ಮೆದುಳಿನ ಸುತ್ತಲಿನ ದ್ರವ ಸರಿಹೋಗಲು ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ, ಒಮ್ಮೊಮ್ಮೆ ಒಂದು ದಿನದವರೆಗೂ, ಉಸಿರು ಜೋರಾಗಿಯೇ ಇರುತ್ತದೆ. ಮೆಷಿನ್ ಕೆಲಸ ಮಾಡಲಿಲ್ಲ ಎಂದು ಮನೆಯವರು ಜಗಳಕ್ಕೆ ಬರುವುದು ಈ ಹೊತ್ತಿನಲ್ಲೇ.